ಏಳನೆಯ ಹಗೇವಿನ ಗಾಳಿ

ಪಂಚರು ಹೆಣದಿಂದ ಹತ್ತು ಮಾರು ದೂರ ನಿಂತಿದ್ದರು. ಅಷ್ಟು ದೂರದಿಂದಲೇ ಅವರು ಹೆಣದ ಬಾಯಿಯ ವಾಸನೆಯನ್ನು ಹಿಡಿದರು. ‘ಮಯತ ಭಾಗಪ್ಪನ ಬಾಯಿಂದ ಸೆರೆಯ ವಾಸನೆ ಬರುತ್ತಲಿದ್ದು, ಸದರಿಯವನು ಅಮಲಿನಲ್ಲಿ ಕಾಲು ಜಾರಿ ಹಗೇವಿನೊಳಗೆ ಬಿದ್ದು ಸತ್ತಿರುತ್ತಾನೆ’ ಎಂದು ಪೊಲೀಸ ಪಾಟೀಲ ಪಂಚನಾಮೆ ಬರೆದ. ಐವರೂ ಸಹಿ ಹಾಕಿದರು. ಸತ್ತವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತವನು ಅವನ ಅಣ್ಣ ದಶರಥ. ಆ ಬಾಯಿಗೆ ಮೂಗು ತಾಗುವಷ್ಟು ಸಮೀಪವಿದ್ದವನು ಅವನೊಬ್ಬನೇ. ಅವನನ್ನು ಯಾರೂ ಕೇಳಲಿಲ್ಲ.

ಇದು ಸಾವಿರದ ಒಂಬೈನೂರ ಅರವತ್ತೈದನೆಯ ಇಸವಿಯ ಆಷಾಢದ ಮಾತು. ಊರು ಘೋಣಸಗಿ. ಹಗೇವು ಯಲಗೂರಪ್ಪಗೌಡರದು.

ವಿಜಾಪುರದ ಸೀಮೆಯಲ್ಲಿ ಜೋಳವನ್ನು ನೆಲದ ಹೊಟ್ಟೆಯಲ್ಲಿಟ್ಟು ಕಾಯುತ್ತಾರೆ. ಎರಡಾಳು ಆಳದ ಕುಳಿ. ಒಳಗೆ ಅಗಲ, ಬಾಯಿ ಕಿರಿದು. ಸುತ್ತಲೂ ಹುಲ್ಲು ಒತ್ತಿ, ಜೋಳ ಸುರಿದು, ಕಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ಅದು ಹಗೇವು. ಧಾರಣೆ ಏರಿದಾಗ ತೆರೆಯುತ್ತಾರೆ. ತೆರೆದ ಮೇಲೆ ಯಾರಾದರೂ ಇಳಿಯಬೇಕು. ಹಗೇವು ಗೌಡರದು, ಜೋಳ ಗೌಡರದು, ಇಳಿಯುವುದು ಮಾತ್ರ ಕೇರಿಯವರದು. ಇಳಿದವನು ಸೊಂಟದವರೆಗೆ ಜೋಳದಲ್ಲಿ ಹೂತು ನಿಂತು ಬುಟ್ಟಿ ತುಂಬುತ್ತಾನೆ. ದೂಳು ಗಂಟಲಿಗೆ ಅಂಟುತ್ತದೆ. ಮೈ ತುರಿಸಿ ತುರಿಸಿ ರಕ್ತ ಬರುತ್ತದೆ. ತಿಂಗಳುಗಟ್ಟಲೆ ಕೆಮ್ಮು. ಹೊಲೆಯ ಕಾಲಲ್ಲಿ ತುಳಿದು ಮೇಲೆ ಕಳಿಸಿದ ಆ ಜೋಳಕ್ಕೆ ಮೈಲಿಗೆಯಿಲ್ಲ. ಅದೇ ಜೋಳದ ರೊಟ್ಟಿಯನ್ನು ಅವನ ಕೈಗೆ ಹಾಕುವಾಗ ಮಾತ್ರ ಅದು ಒಂದು ಮೊಳ ಎತ್ತರದಿಂದ ಬೀಳುತ್ತದೆ.

ದಶರಥನ ಮೂಗು ಸುತ್ತಲಿನ ಹತ್ತೂರಿಗೆ ಗೊತ್ತು. ಹಗೇವಿನ ಕಲ್ಲು ಸರಿಸಿದೊಡನೆ ಅವನು ಬಾಗಿ ಒಂದೇ ಉಸಿರು ಎಳೆಯುತ್ತಿದ್ದ. ‘ಮ್ಯಾಲಿಂದು ಛಲೋ ಐತಿ, ತಳದಾಗ ಒಂದ ಗೇಣ ಮುಗ್ಗೈತಿ’ ಎಂದರೆ ತಳದಲ್ಲಿ ಒಂದು ಗೇಣು ಮುಗ್ಗಿರುತ್ತಿತ್ತು. ಟಿಕೋಟಾ, ಬಬಲೇಶ್ವರದ ವ್ಯಾಪಾರಿಗಳು ಅವನು ಮೂಸಿ ಹೇಳದೆ ಸವದಿ ಕುದುರಿಸುತ್ತಿರಲಿಲ್ಲ. ಮೂಸುವವರೆಗೆ ಅವನನ್ನು ಮುಂದೆ ಕರೆಯುತ್ತಿದ್ದರು. ಮೂಸಿದ ಮೇಲೆ ಹಿಂದೆ ಸರಿ ಎನ್ನುತ್ತಿದ್ದರು.

ಆ ವರ್ಷದ ಚೈತ್ರದಲ್ಲಿ ಕೇರಿಯ ಮುಂದೆ ಒಂದು ಜೀಪು ನಿಂತಿತು. ಇಳಿದವನು ಹಣಮಂತ. ಕೇರಿಯದೇ ಕುಡಿ. ತಂದೆ ಸತ್ತಾಗ ನಾಲ್ಕು ವರ್ಷದವನು. ಅವನನ್ನು ಹೆಗಲ ಮೇಲೆ ಹೊತ್ತು ಸಾಲೆಗೆ ಮುಟ್ಟಿಸಿದವನು ದಶರಥ. ಒಳಗೆ ಕೂಡಿಸದಿದ್ದಾಗ ಕಿಟಕಿಯ ಕೆಳಗೆ ಕಲ್ಲು ಹಾಕಿಕೊಟ್ಟು ನಿಲ್ಲಿಸಿದವನೂ ಅವನೇ. ವಿಜಾಪುರದಲ್ಲಿ ಓದಿ, ರಸಾಯನಶಾಸ್ತ್ರದಲ್ಲಿ ಪದವಿ ಪಡೆದು, ಮುಂಬಯಿಯ ಕಡೆಯ ಒಂದು ಪ್ರಯೋಗಶಾಲೆಯಲ್ಲಿ ನೌಕರಿಗೆ ಹತ್ತಿದ್ದ. ಕೇರಿಯ ಹೆಣ್ಣುಮಕ್ಕಳು ತಮ್ಮ ಮಕ್ಕಳಿಗೆ ಉಣಿಸುವಾಗ ಅವನ ಹೆಸರು ಹೇಳುತ್ತಿದ್ದರು. ಅವನ ಸಂಗಡ ಒಬ್ಬ ದೊಡ್ಡ ಸಾಹೇಬರಿದ್ದರು. ಅವರು ಜೀಪಿನಿಂದ ಇಳಿಯಲಿಲ್ಲ.

ಹಣಮಂತ ಪೆಟ್ಟಿಗೆ ತೆರೆದು ತೋರಿಸಿದ. ಹತ್ತಿಯಲ್ಲಿ ಮಲಗಿಸಿದ ಗಾಜಿನ ಸೀಸೆಗಳು. ಒಂದೊಂದರ ಕುತ್ತಿಗೆಗೂ ಒಂದು ತಿರುಪು.

“ಇದರಾಗ ಏನೂ ಇಲ್ಲ ಕಾಕಾ. ಗಾಳೀನೂ ತಗದೀವಿ. ಹಗ್ಗಾ ಕಟ್ಟಿ ಹಗೇವಿನಾಗ ಬಿಟ್ಟು, ಮ್ಯಾಲಿಂದ ದಾರಾ ಜಗ್ಗಿದರ ತಿರುಪು ಬಿಚ್ಚಿ ಒಳಗಿನ ಗಾಳಿ ತುಂಬತೈತಿ. ಅದನ್ನ ನಾವು ಯಂತ್ರಕ್ಕ ಕೊಡ್ತೀವಿ.”

“ಯಂತ್ರ ಮೂಸತೈತೇನೋ?”

“ಮೂಸೂದಲ್ಲ, ತೂರತೈತಿ. ನಾವು ರಾಶಿ ತೂರಿದಂಗ. ವಾಸನಿ ಅನ್ನೂದನ್ನ ಒಡದು ಚೂರು ಮಾಡಿ, ಅಯಸ್ಕಾಂತದ ನಡುವ ಬಿಡತೈತಿ. ಹಗೂರದ್ದು ಒಂದ ಕಡೆ ಬೀಳತೈತಿ, ವಜ್ಜಿದ್ದು ಒಂದ ಕಡೆ. ಎಲ್ಲಿ ಬಿತ್ತು ಅನ್ನೂದರ ಮ್ಯಾಲ ಅದು ಏನು ಅಂತ ಗುರುತು ಹಿಡೀತೀವಿ. ಕೆರಿ ತುಂಬ ನೀರಿನಾಗ ಒಂದ ಚಿಟಿಕಿ ಉಪ್ಪು ಹಾಕಿದ್ರೂ ಬಿಡಂಗಿಲ್ಲ.”

“ಅದಕ್ಕ ನೆಗಡಿ ಬರಂಗಿಲ್ಲೇನು?”

“ಬರಂಗಿಲ್ಲ. ಕರೆಂಟ ಹ್ವಾದರ ಸಾಯತೈತಿ.”

ಕೇರಿಯೆಲ್ಲ ನಕ್ಕಿತು. ಭಾಗಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. “ಅಣ್ಣಾ, ನಿನ್ನ ಮೂಗಿಗೆ ಸವತಿ ಬಂದಳು ನೋಡು” ಎಂದ.

ಸಾಹೇಬರಿಗೆ ಬೇಕಾದದ್ದು ಇಷ್ಟು: ಘೋಣಸಗಿ, ಕಳ್ಳಕವಟಗಿ, ಕಾಖಂಡಕಿಯ ಹನ್ನೆರಡು ಹಗೇವುಗಳು ತೆರೆದ ದಿನ ದಶರಥ ಮೂಸಿ ಹೇಳಬೇಕು; ಅದೇ ಗಾಳಿಯನ್ನು ಸೀಸೆಯಲ್ಲಿ ತುಂಬಿ ಯಂತ್ರಕ್ಕೆ ಕೊಡಬೇಕು. ಎರಡೂ ಕೂಡಿದರೆ ಮುಂದೆ ಯಾವ ಹಗೇವಿನಲ್ಲಿ ಯಾವಾಗ ಜೋಳ ಕೆಡುತ್ತದೆಂದು ಕಲ್ಲು ತೆರೆಯದೆಯೇ ತಿಳಿಯುತ್ತದೆ. “ಆವಾಗ ನಮ್ಮವರು ಸುಮ್ಮಸುಮ್ಮನ ಇಳಿಯೂದು ತಪ್ಪತೈತಿ ಕಾಕಾ” ಎಂದ ಹಣಮಂತ. ಆ ಒಂದು ಮಾತಿಗೆ ದಶರಥ ಒಪ್ಪಿದ. ಅಕ್ಷರ ಬರದವನಾದ್ದರಿಂದ ಪ್ರತಿ ಸೀಸೆಯ ಕುತ್ತಿಗೆಗೆ ದಾರ ಸುತ್ತಿ ಗಂಟು ಹಾಕುತ್ತಿದ್ದ. ಮೊದಲನೆಯದಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು. ತಿರುಪಿಗೆ ಮೇಣ ಹಚ್ಚುವುದೂ ಅವನ ಕೈಯ ಕೆಲಸವೇ.

ಏಳು ಗಂಟು ಬೀಳಬೇಕಾದ ದಿನ ಯಲಗೂರಪ್ಪಗೌಡರ ಹಗೇವು ತೆರೆಯಿತು. ಲಾರಿ ಮುಂಜಾನೆಯಿಂದ ನಿಂತಿತ್ತು. ಹಣಮಂತ ಪುಸ್ತಕ ಹಿಡಿದು ಪಕ್ಕದಲ್ಲಿದ್ದ. ದಶರಥ ಬಾಗಿ ಮೂಸಿದ. ಜೋಳ ಕೆಟ್ಟಿರಲಿಲ್ಲ. ಆದರೆ ಜೋಳದ ವಾಸನೆಯ ಅಡಿಯಲ್ಲಿ ಮತ್ತೊಂದಿತ್ತು. ಸಿಹಿ, ತಣ್ಣನೆಯದು. ಹಿಂದೊಮ್ಮೆ ವಿಜಾಪುರದ ದವಾಖಾನೆಯಲ್ಲಿ ಅವನ ಕೊಳೆತ ಬೆರಳನ್ನು ಕೊಯ್ಯುವ ಮುಂಚೆ ಮೂಗಿಗೆ ಒಂದು ಬಟ್ಟೆ ಹಿಡಿದಿದ್ದರು. ಆ ಬಟ್ಟೆಯ ನೆನಪಾಯಿತು.

“ಜ್ವಾಳ ಛಲೋ ಐತ್ರಿ. ಆದರ ಏನೋ ಸೀ ವಾಸನಿ ಐತಿ. ಇಂಥಾದ್ದು ನಾ ಹಗೇವಿನಾಗ ಕಂಡಿಲ್ಲ.”

“ಜ್ವಾಳ ಛಲೋ ಐತಿ ಅಂದ್ಯಲ್ಲ, ಮುಗೀತು” ಎಂದರು ಗೌಡರು. “ಸೀ ಇದ್ದರ ಹೋಳಿಗಿ ಮಾಡ್ತೇವಿ. ದೀಪಾ ಬಿಡ್ರಲೇ.”

ಹಗೇವಿನ ಗಾಳಿ ಕೊಲ್ಲುತ್ತದೆಂಬುದು ಕೇರಿಗೆ ಹೊಸದಲ್ಲ. ಅದಕ್ಕೆ ತಲೆತಲಾಂತರದ ಪರೀಕ್ಷೆಯಿತ್ತು. ತಾಮ್ರದ ತಂತಿಗೆ ಚಿಮಣಿ ಕಟ್ಟಿ ಇಳಿಬಿಡುವುದು. ದೀಪ ಆರಿದರೆ ಯಾರೂ ಇಳಿಯಕೂಡದು. ಉರಿದರೆ ಇಳಿಯಬಹುದು. ಅಂದು ದೀಪ ಆರಲಿಲ್ಲ. ತಂತಿಗೆ ತಾಗಿದಲ್ಲಿ ಉರಿಯ ಅಂಚು ಗಿಳಿಯ ರೆಕ್ಕೆಯಂತೆ ಹಸಿರಾಗಿತ್ತು, ಅಷ್ಟೇ. ಹಣಮಂತನೂ ಬಾಗಿ ನೋಡಿದ. ಮತ್ತೆ ಪುಸ್ತಕದಲ್ಲಿ ಬರೆಯತೊಡಗಿದ. ದಶರಥ ಸೀಸೆ ಇಳಿಬಿಟ್ಟು, ಗಾಳಿ ತುಂಬಿ, ಮೇಲೆಳೆದು ಮೇಣ ಹಚ್ಚಿದ. ಭಾಗಪ್ಪ ಹಗ್ಗ ಹಿಡಿದು ಇಳಿದ.

ನಾಲ್ಕು ಬುಟ್ಟಿ ಮೇಲೆ ಬಂದವು. ಐದನೆಯದು ಬರಲಿಲ್ಲ.

ದಶರಥ ಒದ್ದೆಯ ಧೋತರದ ತುದಿಯನ್ನು ಮೂಗಿಗೆ ಕಟ್ಟಿಕೊಂಡು ಇಳಿದ. ತಮ್ಮ ಮಗ್ಗುಲಾಗಿ ಬಿದ್ದಿದ್ದ, ಬಾಯಲ್ಲಿ ಜೋಳ. ಉಸಿರು ಬಿಗಿಹಿಡಿದು ಹಗ್ಗ ಬಿಗಿದ. ಮೇಲೆ ಬಂದೊಡನೆ ರಕ್ತ ಬರುವಂತೆ ಕಾರಿಕೊಂಡ. ಎರಡು ದಿನ ಅವನಿಗೆ ಭೂಮಿ ಸರಿಯಾಗಿ ನಿಲ್ಲಲಿಲ್ಲ. ಅಷ್ಟರೊಳಗೆ ಪಂಚನಾಮೆ ಮುಗಿದಿತ್ತು.

ಭಾಗಪ್ಪ ಸೆರೆ ಕುಡಿಯುತ್ತಿರಲಿಲ್ಲ. ಎಂಟು ವರ್ಷದ ಹಿಂದೆ ಕೇರಿ ಬುದ್ಧನ ದೀಕ್ಷೆ ತೆಗೆದುಕೊಂಡಾಗ, ಐದು ಶೀಲಗಳನ್ನು ಹೇಳಿ ಕೈಮುಗಿದ ದಿನದಿಂದ ಅವನು ಹನಿ ಮುಟ್ಟಿರಲಿಲ್ಲ. ಮದುವೆಯ ಮನೆಗಳಲ್ಲಿ ನಂಟರು ಅವನನ್ನು ‘ಭಂತೇಜಿ’ ಎಂದು ಗೇಲಿ ಮಾಡುತ್ತಿದ್ದರು. ಈಗ ಊರ ಕಟ್ಟೆಯ ಮೇಲೆ ಬೇರೆ ಗೇಲಿ ನಡೆಯಿತು. “ಏನಬೇ ಪರಸವ್ವಾ, ನಿಮ್ಮ ಬುದ್ಧ ಎಷ್ಟ ಬಾಟ್ಲಿ ಇಳಸತಿದ್ದ?” ಎಂದು ಗೌಡರ ಮಗ ಖಂಡಪ್ಪ ಭಾಗಪ್ಪನ ಹೆಂಡತಿಯನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿದ. ಅವಳು ಕೊಡ ಕೆಳಗಿಟ್ಟು ದಶರಥನಲ್ಲಿಗೆ ಬಂದಳು.

“ಭಾವಾ, ಅವರು ಸತ್ತದ್ದಕ್ಕ ನಾ ಯಾರನ್ನೂ ಕೇಳೂದಿಲ್ಲ. ಕುಡದು ಸತ್ತರು ಅನ್ನೂದು ಮಾತ್ರ ನನ್ನ ಮಕ್ಕಳ ತಲೀ ಮ್ಯಾಲ ಇರಬಾರದು.”

ದಶರಥನಿಗೂ ಬೇಕಾದದ್ದು ಅದೊಂದೇ. ಆ ಕಾಗದದೊಳಗಿಂದ ಆ ಮಾತು ಹೋಗಬೇಕು.

ಹಣಮಂತ ಅವನ ಕೈ ಹಿಡಿದು ಹೇಳಿದ್ದ: “ನೀ ತುಂಬಿದ ಸೀಸೆ ಐತಿ ಕಾಕಾ. ಭಾಗಪ್ಪಕಾಕಾ ಕಡೀಕ ಎಳಕೊಂಡ ಗಾಳಿ ಅದರಾಗ ಐತಿ. ಪಂಚರು ಸುಳ್ಳ ಹೇಳತಾರ. ಯಂತ್ರ ಹೇಳಂಗಿಲ್ಲ.”

ಶ್ರಾವಣದಲ್ಲಿ ಅವನು ಮರಳಿ ಬಂದ. ಚೀಲದಿಂದ ಒಂದು ಉದ್ದನೆಯ ಕಾಗದ ತೆಗೆದು ದಶರಥನ ಅಂಗಳದಲ್ಲಿ ಹಾಸಿದ. ಮೈತುಂಬ ಮುಳ್ಳಿನಂಥ ಗೆರೆಗಳು. ಅವನ ಮುಖ ಹೊಳೆಯುತ್ತಿತ್ತು.

“ಸಿಕ್ಕೈತಿ ಕಾಕಾ! ಇಲ್ಲಿ ನೋಡು. ಇವೆರಡು ಮುಳ್ಳು. ನಡುವ ಎರಡ ತೂಕದ ಅಂತರ. ಒಂದು ಇನ್ನೊಂದರ ಮೂರರಷ್ಟು ಎತ್ತರ. ಕ್ಲೋರಿನ್ ಇದ್ದಲ್ಲಿ ಮಾತ್ರ ಹಿಂಗ ಬೀಳತೈತಿ. ದಾರೂದು ಗುರುತು ಬ್ಯಾರೆ. ಅದು ಇಲ್ಲಿ ಹುಡುಕಿದ್ರೂ ಇಲ್ಲ. ಸೀ ವಾಸನಿ ಅಂದ್ಯಲ್ಲ, ನಿನ್ನ ಮೂಗು ಖರೇ ಹೇಳಿತ್ತು. ಇದು ವಿಷ.”

ಪರಸವ್ವ ಬಾಗಿ ಆ ಎರಡು ಮುಳ್ಳುಗಳನ್ನು ಬೆರಳಿಂದ ಮುಟ್ಟಿದಳು.

“ಅವತ್ತ ಉರಿ ಹಸರ ಆಗಿತ್ತಲ್ಲೋ ತಮ್ಮಾ, ಅದು ಯಾಕ?” ಎಂದು ದಶರಥ ಕೇಳಿದ.

“ತಾಮ್ರ ಕಾದಿರತೈತಿ, ಇಂಥ ವಿಷ ಅದಕ್ಕ ತಾಗಿದರ ಉರಿ ಹಸರ ಆಗತೈತಿ. ಕಾಲೇಜಿನಾಗ ಮೊದಲನೇ ವರ್ಷಾನ ಕಲಸ್ತಾರ.” ಕಾಗದ ಸುತ್ತುತ್ತ ಹೇಳಿದ. “ವರದಿಯೊಳಗ ಎಲ್ಲಾ ಬರತೈತಿ. ವರದಿ ಬಂದ ದಿನ ಮಾಮಲೇದಾರರು ಪಂಚನಾಮೆ ತಿದ್ದಬೇಕಾಗತೈತಿ.”

ಅಂದು ಪರಸವ್ವ ಗಂಡ ಸತ್ತ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡಳು.

ಭಾದ್ರಪದ ಕಳೆಯಿತು. ಹಣಮಂತನ ಪತ್ರ ಬರಲಿಲ್ಲ. ದಶರಥ ವಿಜಾಪುರಕ್ಕೆ ನಡೆದುಹೋಗಿ ಮಾಮಲೇದಾರರ ಕಚೇರಿಯ ಕಟ್ಟೆಯ ಮೇಲೆ ಮೂರು ದಿನ ಕುಳಿತ. ಮೂರನೆಯ ದಿನ ಕಾರಕೂನ ಒಂದು ಅಚ್ಚಾದ ಪುಸ್ತಿಕೆಯನ್ನು ಅವನತ್ತ ಎಸೆದ. “ನಿಮ್ಮ ಹಗೇವಿನ ವರದಿ ಬಂದು ಹದಿನೈದು ದಿನಾತು. ಅದರಾಗ ನಿನ್ನ ತಮ್ಮನ ಸುದ್ದೀನ ಇಲ್ಲ. ಹೋಗು.”

ಇಂಗ್ಲಿಷ್ ಓದಬಲ್ಲವರು ಟಿಕೋಟಾದ ಫಕ್ರುದ್ದೀನ ಮಾಸ್ತರರು. ಮರುದಿನ ಇಳಿಹೊತ್ತಿಗೆ ದಶರಥ ಅವರ ಮನೆ ಮುಟ್ಟಿದ. ಮಾಸ್ತರರು ಅವನನ್ನು ಒಳಗೆ ಕರೆದು ಚಾಪೆಯ ಮೇಲೆ ಕೂಡಿಸಿದರು. ಚಹಾ ಆರುವವರೆಗೆ ಓದಿದರು. ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡರು.

“ಆರು ಆದ ಮ್ಯಾಲ ಎಂಟು ಐತಿ ದಶರಥ. ಏಳನೇದು ಇಲ್ಲ. ಕೆಳಗ ಸಣ್ಣ ಅಕ್ಷರದಾಗ ಬರದಾರ: ಏಳನೆಯ ಸೀಸೆ ಸೋರಿದ್ದರಿಂದ ಅದನ್ನು ಕೈಬಿಡಲಾಗಿದೆ.”

“ಸೋರಿಲ್ರಿ. ಮೇಣ ಹಚ್ಚಿದಾಂವ ನಾನು. ಆ ಹುಡುಗ ಕಾಗದಾ ತಂದು ತೋರಸ್ಯಾನ.”

“ಇನ್ನೂ ಐತಿ. ಕೇಳ್ತೀಯಾ?”

“ಓದ್ರಿ.”

ಮಾಸ್ತರರು ತಡೆದು ತಡೆದು ಕನ್ನಡದಲ್ಲಿ ಹೇಳಿದರು. “ಹನ್ನೆರಡರಲ್ಲಿ ಮೂರು ಹಗೇವುಗಳಿಗೆ ಪ್ರಯೋಗಶಾಲೆಯ ವತಿಯಿಂದ ಹುಳ ಕೊಲ್ಲುವ ಔಷಧ ಸುರಿಯಲಾಗಿತ್ತು. ಏಳು ದಿನ ತೆರೆಯಬಾರದೆಂದು ಮಾಲಕರಿಗೆ ತಿಳಿಸಲಾಗಿತ್ತು. ಮೂಸಿ ನೋಡುವ ಕೂಲಿಯಾಳಿಗಾಗಲಿ ಅವನ ಸಂಗಡಿಗರಿಗಾಗಲಿ ತಿಳಿಸಿರಲಿಲ್ಲ. ತಿಳಿಸಿದ್ದರೆ ಅವನ ಮೂಗಿನ ಪರೀಕ್ಷೆ ನಿಷ್ಪಕ್ಷವಾಗುತ್ತಿರಲಿಲ್ಲ.”

ದಶರಥ ಚಹಾದ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

“ಅಂದ್ರ ವಿಷದ ಡಬ್ಬಿ ಅವರದು.”

“ಅವರದು.”

“ಸುರುವಿದಾಂವ ಯಾರ್ರಿ?”

“ಅದನ್ನ ಬರದಿಲ್ಲ. ಆದರ ಹಗೇವಿನ ಮ್ಯಾಲಿನ ಕೆಲಸಾ ಎಲ್ಲಾ ಒಬ್ಬನ ಮಾಡ್ಯಾನ ಅಂತ ಕಡೀ ಹಾಳ್ಯಾಗ ಐತಿ. ಸಾಹೇಬರ ಕೆಳಗ ಅವನ ಹೆಸರೂ ಐತಿ.” ಮಾಸ್ತರರು ಆ ಹೆಸರನ್ನು ಓದಲಿಲ್ಲ. ಓದುವ ಅಗತ್ಯವೂ ಇರಲಿಲ್ಲ.

ಘೋಣಸಗಿಯ ದಾರಿಯಲ್ಲಿ ದಶರಥ ಎರಡು ಕಡೆ ಕುಳಿತ. ಹಗೇವಿನ ಹತ್ತಿರ ಹಣಮಂತನ ಜೀಪು ನಿಂತುಹೋದ ಮೂರನೆಯ ದಿನವೇ ಗೌಡರು ಲಾರಿಯ ಅವಸರಕ್ಕೆ ಕಲ್ಲು ತೆಗೆಸಿದ್ದರು. ಅದು ಗೌಡರ ಜಾತಿಯ ತಪ್ಪು, ಅವನಿಗೆ ಹೊಸದಾಗಿರಲಿಲ್ಲ. ಅವನನ್ನು ಕಡಿಯುತ್ತಿದ್ದುದು ಆ ಹಸಿರು ಉರಿ. ಕಾಲೇಜಿನ ಮೊದಲನೆಯ ವರ್ಷವೇ ಕಲಿಸುತ್ತಾರೆ. ಹಣಮಂತ ಬಾಗಿ ನೋಡಿದ್ದ. ನೋಡಿ ತಿಳಿದಿದ್ದ. ತಿಳಿದು ಬರೆದುಕೊಂಡಿದ್ದ. ಭಾಗಪ್ಪ ಹಗ್ಗಕ್ಕೆ ಕೈ ಹಾಕಿದಾಗ ಅವನ ಕೈ ಪುಸ್ತಕದ ಮೇಲಿತ್ತು.

ದಸರೆಗೆ ನಾಲ್ಕು ದಿನ ಮುಂಚೆ ಗೌಡರ ಇನ್ನೊಂದು ಹಗೇವು ತೆರೆಯಿತು. ಮತ್ತೆ ಲಾರಿ. ಮತ್ತೆ ಜೀಪು. ಈ ಸಲ ಹೊಸ ಪರೀಕ್ಷೆಗೆ ಹಣಮಂತನೊಬ್ಬನೇ ಬಂದಿದ್ದ. ಪೊಲೀಸ ಪಾಟೀಲ, ಆ ಐವರು ಪಂಚರು ಬೇವಿನ ನೆರಳಲ್ಲಿದ್ದರು. ಗೌಡರು ಹೊರಸಿನ ಮೇಲೆ ಒರಗಿದ್ದರು. ದಶರಥನ ಸಂಗಡ ಕೇರಿಯಿಂದ ಏಳು ಮಂದಿ ಬಂದರು. ಹಗ್ಗ ತಂದಿರಲಿಲ್ಲ, ಬುಟ್ಟಿ ತಂದಿರಲಿಲ್ಲ. ಹಿಂದೆ ಪರಸವ್ವ ಮಕ್ಕಳನ್ನು ಕರೆದುಕೊಂಡು ಬಂದಳು.

ಹಣಮಂತ ಎದುರು ಬಂದ. “ಕಾಕಾ, ನಿನ್ನ ಸಲುವಾಗಿ ಸಾಹೇಬರ ಕಡೆ ಮಾತಾಡೀನಿ. ಪ್ರಯೋಗಶಾಲೆಯೊಳಗ ಕಾಯಂ ನೌಕರಿ. ಬರೇ ಮೂಸಿ ಹೇಳೂದು. ಬಾ, ಇದನ್ನೊಂದು ನೋಡು.”

“ಮೂಸೂದಿಲ್ಲ.”

“ಯಾಕ ಕಾಕಾ?”

“ಏಳನೇ ಸೀಸೆ ಸೋರೈತಂತಲ್ಲ. ನನ್ನ ಮೂಗೂ ಸೋರೈತಿ.”

ಹಣಮಂತ ಬೇವಿನ ನೆರಳಿನತ್ತ ಒಮ್ಮೆ ನೋಡಿದ. ಅವನು ತಗ್ಗಿದ ದನಿಯಲ್ಲಿ ಹೇಳಿದ: “ಕಾಕಾ, ಅದು ನನ್ನ ಕೈಯಾಗ ಇರಲಿಲ್ಲ. ಆ ಸಾವು ನಮ್ಮ ಡಬ್ಬಿಯಿಂದ ಆತು ಅಂತ ಹೊರಗ ಬಿದ್ದರ ಎಲ್ಲಾ ಮುಳಗತಿತ್ತು. ಮೊದಲ ಹೋಗೂದು ನನ್ನ ನೌಕರಿ. ನಮ್ಮವರಾಗ ಒಬ್ಬಾವರ ಅಲ್ಲಿ ಇರಬೇಕೋ ಬ್ಯಾಡೋ?”

“ಇದ್ದು ಏನ ಮಾಡಿದಿ?”

ಅಷ್ಟರಲ್ಲಿ ಗೌಡರು ಕೂಗಿದರು. “ಏನಲೇ ದಶರಥ್ಯಾ, ಅಲ್ಲೇ ನಿಂತು ಹರಟಿ ಹೊಡ್ಯಾಕತ್ತಿ! ದೀಪಾ ಉರದೈತಿ. ಇಳಸು ನಿನ್ನ ಮಂದೀನ.”

“ಇಳಿಯಂಗಿಲ್ರಿ.”

“ಏನಂದಿ?”

“ಇಳಿಯಂಗಿಲ್ಲ ಅಂದೆ. ಇವತ್ತಲ್ಲ, ನಾಳೆ ಅಲ್ಲ. ನಮ್ಮ ಕೇರಿಯಾವ ಯಾವನೂ ನಿಮ್ಮ ಹಗೇವಿನಾಗ ಇಳಿಯಂಗಿಲ್ಲ.”

ಏಳು ಮಂದಿಯಲ್ಲಿ ಒಬ್ಬನೂ ತಲೆ ತಗ್ಗಿಸಲಿಲ್ಲ. ಗೌಡರು ಎದ್ದು ಕುಳಿತು, ಹೊಲದ ಕೆಲಸ ನಿಲ್ಲಿಸುತ್ತೇನೆಂದರು, ದಾರಿ ಮುಚ್ಚಿಸುತ್ತೇನೆಂದರು, ತಾಯಿಯ ಹೆಸರೆತ್ತಿ ಬೈದರು. ದಶರಥ ಕೇಳುತ್ತ ನಿಂತ. ಆಗ ಪರಸವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪಂಚರ ಮುಂದೆ ಹೋದಳು. ಹತ್ತು ಮಾರು ದೂರ ನಿಲ್ಲಲಿಲ್ಲ. ಅವರು ಹಿಂದೆ ಸರಿಯಬೇಕಾಯಿತು.

“ನನ್ನ ಗಂಡ ಕುಡದಿದ್ದ, ಅದಕ್ಕ ಸತ್ತ ಅಂತ ಸಹಿ ಹಾಕೀರಿ. ನೀವ್ಯಾರೂ ಕುಡದಿಲ್ಲಲ್ರಿ? ದೀಪಾ ಉರದೈತಿ. ಇಳೀರಿ.”

ಐವರೂ ಬೇರೆ ಬೇರೆ ಕಡೆ ನೋಡಿದರು. ಒಬ್ಬ ಕೆಮ್ಮಿದ.

“ಪಾಟೀಲ್ರ, ನೀವರ ಇಳೀರಿ. ಒಂದ ಬುಟ್ಟಿ ಸಾಕು. ಒಂದ ಬುಟ್ಟಿ ತುಂಬಿಕೊಂಡ ಬರ್ರಿ, ನನ್ನ ಗಂಡ ಕುಡಕ ಅಂತ ನಾನ ಊರೆಲ್ಲಾ ಡಂಗುರ ಸಾರತೀನಿ.”

ಖಂಡಪ್ಪನಿಗೆ ತಡೆಯಲಾಗಲಿಲ್ಲ. ಇಪ್ಪತ್ತೆರಡರ ರಕ್ತ. “ಹೊಲ್ಯಾರ ಹೆಂಗಸಿನ ಬಾಯಿಲೆ ಇಷ್ಟ ಕೇಳೂದ? ಜ್ವಾಳ ತುಂಬಾಕ ಏನ ದೊಡ್ಡ ವಿದ್ಯಾ ಬೇಕು? ತಾ ಹಗ್ಗಾ” ಎಂದು ಅಂಗಿ ಬಿಚ್ಚಿ ಒಗೆದ. ಲಾರಿಯ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಹಗೇವಿನ ಬಾಯಲ್ಲಿ ಎರಡೂ ಕಾಲು ಇಳಿಬಿಟ್ಟ.

“ಬ್ಯಾಡ್ರಿ!”

ಕೂಗಿದವನು ಹಣಮಂತ. ಓಡಿ ಬಂದು ಖಂಡಪ್ಪನ ರಟ್ಟೆಗೆ ಜೋತುಬಿದ್ದು ಹಿಂದಕ್ಕೆಳೆದ. ಪುಸ್ತಕ ಎಲ್ಲೋ ಬಿದ್ದಿತ್ತು. “ಇಳೀಬ್ಯಾಡ್ರಿ ಸಣ್ಣಗೌಡ್ರ, ಒಳಗ ವಿಷ ಐತಿ!”

ಗೌಡರು ಹೊರಸಿನಿಂದ ಜಿಗಿದು ಬಂದರು. “ಲೇ, ಔಷಧ ಸುರುವಿ ಏಳ ದಿನ ಆಗ್ಯಾವ, ಎಂಟನೇ ದಿನ ಇವತ್ತು, ಏನೂ ಆಗಂಗಿಲ್ಲ ಅಂತ ಮುಂಜಾನಿ ನೀನ ಹೇಳಿದ್ಯಲ್ಲೋ!”

“ಹೇಳಿದ್ದೆರಿ... ಆಗ್ಯಾವರಿ...” ಹಣಮಂತ ಏದುತ್ತಿದ್ದ. “ಆದರ ಖಾತ್ರಿ ಇಲ್ರಿ.”

ತಾನು ಏನು ನುಡಿದೆನೆಂಬುದು ಅವನಿಗೆ ಆಮೇಲೆ ತಿಳಿಯಿತು. ಕೈ ಇನ್ನೂ ಗೌಡರ ಮಗನ ರಟ್ಟೆಯ ಮೇಲಿತ್ತು. ಖಂಡಪ್ಪ ಅದನ್ನು ನೋಡಿದ. ಮುಟ್ಟಿದ ಜಾಗವನ್ನು ಒರೆಸಿಕೊಂಡ.

ಕೇರಿಯ ಏಳು ಮಂದಿ ಇಳಿಯಲು ನಿಂತಿದ್ದರೆ ಸಾಲುತ್ತಿದ್ದ ಎಂಟು ದಿನ ಗೌಡರ ಒಬ್ಬ ಮಗನಿಗೆ ಸಾಲಲಿಲ್ಲ.

ದಶರಥ ಪೊಲೀಸ ಪಾಟೀಲನತ್ತ ತಿರುಗಿದ. “ಕೇಳಿದ್ರಲ್ಲ. ನೀವೂ ಕೇಳಿದ್ರಿ, ಪಂಚರೂ ಕೇಳಿದ್ರು. ಈಗ ಬರೀರಿ.”

ಪಾಟೀಲ ಗೌಡರ ಮುಖ ನೋಡಿದ. ಗೌಡರು ನೆಲ ನೋಡುತ್ತಿದ್ದರು. ಪಾಟೀಲನ ಲೇಖಣಿ ಜೇಬಿನಲ್ಲೇ ಉಳಿಯಿತು.

“ಆತು. ಬರೀಬ್ಯಾಡ್ರಿ” ಎಂದಳು ಪರಸವ್ವ. “ಊರೆಲ್ಲಾ ಕೇಳೈತಿ. ನನ್ನ ಮಕ್ಕಳೂ ಕೇಳ್ಯಾವು.”

ಅವರು ಹೊರಟರು. ಹಣಮಂತ ಹಿಂದೆ ಹಿಂದೆಯೇ ಬಂದ. ಕೇರಿಯ ಹಾದಿ ಒಡೆಯುವಲ್ಲಿ ದಶರಥನ ತೋಳು ಹಿಡಿದ. ಅಳುತ್ತಿದ್ದ.

“ಕಾಕಾ, ಅವತ್ತೂ ನನಗ ಖಾತ್ರಿ ಇರಲಿಲ್ಲ. ನಿನ್ನ ಆಣಿ. ಮೂರ ದಿನಕ್ಕ ಹಾರಿಹೋಗಿರತೈತಿ ಅಂತ ತಿಳಕೊಂಡೆ.”

ದಶರಥ ಆ ಕೈಯನ್ನು ಮೆಲ್ಲಗೆ ಬಿಡಿಸಿದ.

“ನನಗ ಇತ್ತು” ಎಂದ. “ನಿನ್ನ ಮ್ಯಾಲ ನನಗ ಖಾತ್ರಿ ಇತ್ತು. ನೀ ಮಗ್ಗಲಾಗ ನಿಂತೀ ಅಂತನ ನಾ ನನ್ನ ತಮ್ಮನ್ನ ಇಳಸಿದೆ.”

ಸಂಜೆಗೆ ಲಾರಿ ಬರಿದೇ ಹೋಯಿತು. ತೆರೆದ ಹಗೇವಿನ ಮೇಲೆ ಕಲ್ಲು ಎಳೆದು ಮಣ್ಣು ಮೆತ್ತಲು ಗೌಡರ ಮನೆಯಿಂದ ಕೇರಿಗೆ ಮೂರು ಸಲ ಹೇಳಿಕಳಿಸಿದರು. ಯಾರೂ ಹೋಗಲಿಲ್ಲ.